ಸಂಪ್ರದಾಯ ಪ್ರದರ್ಶಿನಿ: ಹಳೆಯ ತೆಲುಗು ಪ್ರತಿಯೋ, ಹೊಸ ಆವೃತ್ತಿಯೋ?

"ಮಗಳಿಗೆ ದೀಕ್ಷಿತರ ಕೃತಿಗಳ ಪಾಠ ಶುರುವಾಗಿದೆ. ಮನೆಯಲ್ಲಿ ಒಂದು ಪ್ರದರ್ಶಿನಿ ಇರಲಿ ಅಂತ ಮೇಷ್ಟ್ರು ಹೇಳಿದ್ದಾರೆ. ಯಾವುದನ್ನು ತಗೊಳ್ಳಲಿ?" ಹೊಸೂರಿನ ಪರಿಚಯದವರೊಬ್ಬರು ಕೇಳಿದ ಪ್ರಶ್ನೆ ಇದು. ಅವರ ಮನೆಯ ಅಟ್ಟದ ಮೇಲೆ ತಾತನ ಕಾಲದ ತೆಲುಗು ಪುಸ್ತಕವೊಂದಿದೆ. ರಟ್ಟು ಕಿತ್ತುಹೋಗಿದೆ, ಅಂಚುಗಳು ಪುಡಿಯಾಗುತ್ತಿವೆ. ಹುಡುಗಿ ಶಾಲೆಯಲ್ಲಿ ಓದುವುದು ತಮಿಳು ಮತ್ತು ಇಂಗ್ಲಿಷ್. ಮನೆಯಲ್ಲಿ ಆಡುವುದು ಕನ್ನಡ. ಅಪ್ಪನಿಗೆ ತೆಲುಗು ಮಾತು ಬರುತ್ತದೆ, ಓದು ಬಾರದು. ಹಳೆಯದನ್ನು ರಿಪೇರಿ ಮಾಡಿಸಿ ಇಟ್ಟುಕೊಳ್ಳಬೇಕೋ, ತಮಿಳು ಆವೃತ್ತಿ ಕೊಳ್ಳಬೇಕೋ, ಇಂಗ್ಲಿಷ್ ಆವೃತ್ತಿ ತರಿಸಬೇಕೋ ಎಂಬ ಗೊಂದಲ ಅವರದು.

ಹೊಸೂರು, ಮಡಕಶಿರಾ, ರಾಯದುರ್ಗ, ಆದೋನಿ ಕಡೆ ಸಂಗೀತ ಕಲಿಯುವ ಮಕ್ಕಳಿರುವ ಎಷ್ಟೋ ಕನ್ನಡ ಮನೆಗಳಲ್ಲಿ ಇಂಥದೇ ಪರಿಸ್ಥಿತಿ ಇದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ.

ಪುಸ್ತಕದ ಹಿನ್ನೆಲೆ

'ಸಂಗೀತ ಸಂಪ್ರದಾಯ ಪ್ರದರ್ಶಿನಿ' 1904ರಲ್ಲಿ ಎಟ್ಟಯಪುರದಲ್ಲಿ ಅಚ್ಚಾಯಿತು. ಎಟ್ಟಯಪುರ ಇಂದು ತಮಿಳುನಾಡಿನ ತೂತ್ತುಕುಡಿ ಜಿಲ್ಲೆಗೆ ಸೇರಿದೆ. ಬರೆದವರು ಅಲ್ಲಿನ ಆಸ್ಥಾನ ವಿದ್ವಾಂಸರಾಗಿದ್ದ ಸುಬ್ಬರಾಮ ದೀಕ್ಷಿತರು (1839-1906). ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲಸ್ವಾಮಿ ದೀಕ್ಷಿತರ ಮಗಳ ಮಗ. ಅಜ್ಜನೇ ಇವರನ್ನು ದತ್ತು ತೆಗೆದುಕೊಂಡಿದ್ದರಿಂದ ಮಗನೂ ಆದರು. ಮನೆತನದ ಪಾಠವನ್ನು ಹೊರಗಿನವರಿಗೆ ಸುಲಭಕ್ಕೆ ಬಿಟ್ಟುಕೊಡದ ಕಾಲ ಅದು. ಎ. ಎಂ. ಚಿನ್ನಸ್ವಾಮಿ ಮೊದಲಿಯಾರರು ಒತ್ತಾಯ ಮಾಡದಿದ್ದರೆ ಈ ಪುಸ್ತಕ ಆಗುತ್ತಲೇ ಇರಲಿಲ್ಲವೇನೋ. ಮೊದಲಿಯಾರರು ಪಾಶ್ಚಾತ್ಯ ಸಂಗೀತ ಬಲ್ಲ ಕ್ರೈಸ್ತರು. ನಮ್ಮ ಕೃತಿಗಳನ್ನು ಐರೋಪ್ಯ ಸ್ವರಲಿಪಿಯಲ್ಲಿ ಬರೆದಿಡಲು ಆಸ್ತಿ, ಆರೋಗ್ಯ ಎರಡನ್ನೂ ಸುರಿದವರು. ದೃಷ್ಟಿ ಮಂದವಾಗಿ ಆ ಕೆಲಸ ನಿಂತಾಗ ಅವರು ಎಟ್ಟಯಪುರದ ಅರಸರನ್ನು ಕೇಳಿಕೊಂಡರು. ಅರಸರು ಖರ್ಚು ವಹಿಸಿಕೊಂಡರು, ದೀಕ್ಷಿತರು ಬರೆದರು.

ಒಟ್ಟು ಸುಮಾರು 1700 ಪುಟ. 72 ಮೇಳಗಳ ಕ್ರಮದಲ್ಲಿ ರಾಗಗಳು ಬರುತ್ತವೆ. ಪ್ರತಿ ರಾಗಕ್ಕೂ ಲಕ್ಷಣ, ಗೀತ, ತಾನ, ಕೃತಿ, ಸಂಚಾರಿ, ಎಲ್ಲಕ್ಕೂ ಸ್ವರ ಸಹಿತ. ಮುತ್ತುಸ್ವಾಮಿ ದೀಕ್ಷಿತರ ಇನ್ನೂರಕ್ಕೂ ಹೆಚ್ಚು ಕೃತಿಗಳು ಇಲ್ಲಿವೆ. ವಾಗ್ಗೇಯಕಾರರ ಚರಿತ್ರೆಯೂ ಇದೆ. ಭಾತಖಂಡೆಯವರು 1904ರ ದಕ್ಷಿಣ ಪ್ರವಾಸದಲ್ಲಿ ಎಟ್ಟಯಪುರದವರೆಗೂ ಹೋಗಿ ಸುಬ್ಬರಾಮ ದೀಕ್ಷಿತರನ್ನು ಕಂಡು ಮಾತಾಡಿದ್ದರು ಎಂದರೆ ಅವರ ಹೆಸರು ಎಷ್ಟು ದೂರ ಹಬ್ಬಿತ್ತೆಂದು ಊಹಿಸಬಹುದು.

ಮೂಲ ತೆಲುಗು ಲಿಪಿಯಲ್ಲಿದೆ. 1970ರ ದಶಕದಲ್ಲಿ ಆಂಧ್ರಪ್ರದೇಶದ ಸಂಗೀತ ನಾಟಕ ಅಕಾಡೆಮಿ ತೆಲುಗಿನಲ್ಲಿಯೇ ಮರುಮುದ್ರಣ ತಂದಿತು. ಅದಕ್ಕೂ ಮೊದಲೇ, 1961ರಿಂದ 1983ರ ನಡುವೆ, ಮದ್ರಾಸ್ ಮ್ಯೂಸಿಕ್ ಅಕಾಡೆಮಿ ತಮಿಳು ಲಿಪಿಯಲ್ಲಿ ಐದು ಸಂಪುಟಗಳಾಗಿ ಹೊರತಂದಿತು. ಅದೇ ಅಕಾಡೆಮಿಯ ಇಂಗ್ಲಿಷ್ ಆವೃತ್ತಿ ಬಂದದ್ದು ತೀರಾ ಈಚೆಗೆ, 2010ರ ದಶಕದಲ್ಲಿ. ಲೇಖಕರು ತೀರಿಕೊಂಡು ನೂರು ವರ್ಷ ದಾಟಿರುವುದರಿಂದ ಮೂಲಕ್ಕೆ ಹಕ್ಕುಸ್ವಾಮ್ಯದ ತೊಡಕಿಲ್ಲ. 1904ರ ಪ್ರತಿಯ ಸ್ಕ್ಯಾನ್ ಪುಟಗಳು ಅಂತರ್ಜಾಲದಲ್ಲಿ ಉಚಿತವಾಗಿಯೇ ಸಿಗುತ್ತವೆ.

ಹಳೆಯದು, ಹೊಸದು ಎಂದಾಗ ಇಲ್ಲಿ ಒಂದು ಮಾತು ನೆನಪಿಡಬೇಕು. ನಿಘಂಟು, ವಿಶ್ವಕೋಶಗಳ ಹೊಸ ಆವೃತ್ತಿ ಎಂದರೆ ವಿಷಯವೇ ಹೊಸದಾಗಿರುತ್ತದೆ, ಹಳೆಯ ಲೇಖನ ತೆಗೆದು ಹೊಸತು ಸೇರಿಸಿರುತ್ತಾರೆ. ಪ್ರದರ್ಶಿನಿಯ ವಿಷಯ ಹಾಗಲ್ಲ. ಲೇಖಕರು 1906ರಲ್ಲಿಯೇ ಹೋದರು. ಆಮೇಲಿನ ಆವೃತ್ತಿಗಳಲ್ಲಿ ಬದಲಾದದ್ದು ಮುಖ್ಯವಾಗಿ ಲಿಪಿ, ಅಚ್ಚು, ವಿವರಣೆಯ ಭಾಷೆ. ಹಾಗಾದರೆ ಯಾವುದಾದರೇನು ಎಂದುಕೊಳ್ಳಬೇಡಿ. ಸಂಗೀತದ ಪುಸ್ತಕದಲ್ಲಿ ಲಿಪಿ ಬದಲಾದರೆ ಬದಲಾಗುವುದು ಬಹಳಷ್ಟಿದೆ.

ಲಿಪಿಯ ಲೆಕ್ಕ

ದೀಕ್ಷಿತರ ಕೃತಿಗಳು ಬಹುತೇಕ ಸಂಸ್ಕೃತದಲ್ಲಿವೆ. ಸಂಸ್ಕೃತಕ್ಕೆ ಬೇಕಾದ ಅಲ್ಪಪ್ರಾಣ, ಮಹಾಪ್ರಾಣ, ಶ, ಷ, ಸ ಎಲ್ಲವೂ ತೆಲುಗಿನಲ್ಲಿವೆ. ಕನ್ನಡ ಬಲ್ಲವರಿಗೆ ತೆಲುಗು ಲಿಪಿ ಪರಕೀಯವೂ ಅಲ್ಲ. ಸರಿಗಮಪದನಿ, ಈ ಏಳು ಅಕ್ಷರಗಳನ್ನು ಎರಡು ಲಿಪಿಗಳಲ್ಲಿಯೂ ಅಕ್ಕಪಕ್ಕ ಬರೆದು ನೋಡಿ. ತಲೆಕಟ್ಟಿನ ರೂಪ ಬಿಟ್ಟರೆ ಹೆಚ್ಚೇನೂ ವ್ಯತ್ಯಾಸ ಕಾಣದು. ತೊಡಕಾಗುವುದು ಕ, ತ, ಶ ಮುಂತಾದ ಕೆಲವೇ ಅಕ್ಷರಗಳಲ್ಲಿ ಮತ್ತು ಒಂದೆರಡು ಒತ್ತುಗಳಲ್ಲಿ. ಒಂದು ಕಾಗದದಲ್ಲಿ ಅವನ್ನು ಬರೆದು ಪುಸ್ತಕದೊಳಗೆ ಇಟ್ಟುಕೊಂಡರೆ ಎರಡು ವಾರದಲ್ಲಿ ಕಣ್ಣು ಹೊಂದಿಕೊಳ್ಳುತ್ತದೆ. ನಾನು ಹಾಗೆಯೇ ಕಲಿತದ್ದು. ಮುಂದೆ ರಾಯದುರ್ಗದ ಬಸ್ಸುಗಳ ಬೋರ್ಡು ಓದಲೂ ಅದು ಸಹಾಯಕ್ಕೆ ಬಂತು.

ಆದರೆ ಓದಲು ಬರುವುದು ಸ್ವರ ಮತ್ತು ಸಾಹಿತ್ಯ. ರಾಗಲಕ್ಷಣದ ವಿವರಣೆ, ಪೀಠಿಕೆ, ವಾಗ್ಗೇಯಕಾರರ ಚರಿತ್ರೆ ಎಲ್ಲ ಹಳೆಯ ಗ್ರಾಂಥಿಕ ತೆಲುಗಿನಲ್ಲಿದೆ. ಅಕ್ಷರ ಬಂದ ಮಾತ್ರಕ್ಕೆ ಅದು ತಿಳಿಯದು. ಮಡಕಶಿರಾ ಕಡೆ ತೆಲುಗು ಶಾಲೆಯಲ್ಲಿ ಓದಿದವರಿಗೂ ಅಲ್ಲಲ್ಲಿ ತಡವರಿಸುತ್ತದೆ.

ತಮಿಳು ಆವೃತ್ತಿಯ ಕಷ್ಟ ಬೇರೆ. ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಸ್ವರಗಳ ಮಟ್ಟಿಗೆ ಇದರಿಂದ ತೊಂದರೆಯಿಲ್ಲ. ಗಾಂಧಾರದ ಜಾಗದಲ್ಲಿ 'ಕ' ಎಂದು, ಧೈವತದ ಜಾಗದಲ್ಲಿ 'ತ' ಎಂದು ಬರೆದರೂ ಅದು ಯಾವ ಸ್ವರವೆಂದು ಮಗುವಿಗೂ ಗೊತ್ತು. ಸಮಸ್ಯೆ ಇರುವುದು ಸಾಹಿತ್ಯದಲ್ಲಿ. 'ಗಜ' ಎಂಬುದಕ್ಕೂ 'ಕಜ' ಎಂಬುದಕ್ಕೂ ವ್ಯತ್ಯಾಸ ತಿಳಿಯಬೇಕಾದರೆ ಸಂಸ್ಕೃತ ಬರಬೇಕು ಅಥವಾ ಗುರುಗಳು ಹೇಳಿಕೊಡಬೇಕು. ಇದಕ್ಕಾಗಿಯೇ ತಮಿಳಿನ ಸಂಗೀತ ಪುಸ್ತಕಗಳಲ್ಲಿ ಅಕ್ಷರದ ಪಕ್ಕ 2, 3, 4 ಎಂದು ಸಣ್ಣ ಅಂಕಿ ಹಾಕುವ ರೂಢಿ ಉಂಟು. ಅಂಕಿ ಅಚ್ಚಿನಲ್ಲಿ ಮಸುಕಾದರೆ ಉಚ್ಚಾರವೂ ಮಸುಕಾಗುತ್ತದೆ. ದೀಕ್ಷಿತರ ಸಾಹಿತ್ಯದಲ್ಲಿ ಸಮಾಸಗಳು ಉದ್ದ, ಒಂದಕ್ಷರ ತಪ್ಪಿದರೆ ದೇವರ ಹೆಸರೇ ಬೇರೆಯಾದೀತು.

ಇದು ಬರೀ ಸಂಗೀತದ ಪ್ರಶ್ನೆಯೂ ಅಲ್ಲ. 2006ರ ತಮಿಳು ಕಲಿಕೆ ಕಾಯ್ದೆಯ ನಂತರ ತಮಿಳುನಾಡಿನ ಶಾಲೆಗಳಲ್ಲಿ ಒಂದನೇ ತರಗತಿಯಿಂದ ತಮಿಳು ಕಡ್ಡಾಯವಾಯಿತು. ಹೊಸೂರು, ತಾಳವಾಡಿಯ ಕನ್ನಡ ಮಕ್ಕಳಲ್ಲಿ ಮನೆಯಲ್ಲಿ ಕನ್ನಡ ಆಡುವವರು ಬೇಕಾದಷ್ಟಿದ್ದಾರೆ, ಅಕ್ಷರ ಕಲಿತವರು ಎಲ್ಲ ಮನೆಗಳಲ್ಲೂ ಇಲ್ಲ. ಕನ್ನಡ ಅಕ್ಷರ ಬಾರದ ಮಗುವಿಗೆ ತಾತನ ತೆಲುಗು ಪ್ರತಿಯೂ ಮುಚ್ಚಿದ ಬಾಗಿಲೇ. ಕನ್ನಡ ಅಕ್ಷರ ಬಂದರೆ ಆ ಬಾಗಿಲು ಅರ್ಧ ತೆರೆದಂತೆ. ನನ್ನನ್ನು ಕೇಳಿದ ಆ ಅಪ್ಪನಿಗೂ ಇದನ್ನೇ ಮೊದಲು ಹೇಳಿದೆ. ಪುಸ್ತಕ ಕೊಳ್ಳುವ ಮುಂಚೆ ಹುಡುಗಿಗೆ ಕನ್ನಡ ವರ್ಣಮಾಲೆ ಕಲಿಸಿ, ನೂರು ರೂಪಾಯಿಯೂ ಖರ್ಚಿಲ್ಲ ಎಂದು.

ಇಂಗ್ಲಿಷ್ ಆವೃತ್ತಿಯಲ್ಲಿ ರೋಮನ್ ಲಿಪಿಯ ಸಮಸ್ಯೆ. ಹ್ರಸ್ವ, ದೀರ್ಘ ತೋರಿಸಲು ಅಕ್ಷರದ ಮೇಲೆ ಗೆರೆಯೋ ದೊಡ್ಡಕ್ಷರವೋ ಬೇಕು. ನಮ್ಮ ಸ್ವರಲಿಪಿಯಲ್ಲಿ 'ಸ' ಎಂದರೆ ಒಂದು ಅಕ್ಷರಕಾಲ, 'ಸಾ' ಎಂದರೆ ಎರಡು. ಗೆರೆ ನೋಡದೆ ಓದಿದರೆ ತಾಳವೇ ಜಾರುತ್ತದೆ. ಆದರೂ ಒಂದು ದೊಡ್ಡ ಅನುಕೂಲ ಇದೆ. ರಾಗಲಕ್ಷಣದ ಗದ್ಯ, ಪೀಠಿಕೆ, ಚರಿತ್ರೆಗಳನ್ನು ಇಂಗ್ಲಿಷ್ ಬಲ್ಲವರು ನೇರವಾಗಿ ಓದಿ ತಿಳಿಯಬಹುದು. ಕಾಲೇಜಿನಲ್ಲಿ ಸಂಗೀತ ಶಾಸ್ತ್ರ ಓದುವವರಿಗೆ ಇದು ಸಣ್ಣ ಲಾಭವಲ್ಲ.

ಗಮಕದ ಚಿಹ್ನೆಗಳು

ಪ್ರದರ್ಶಿನಿಯ ಪ್ರಾಣ ಇರುವುದು ಇಲ್ಲಿ. ಆ ಕಾಲದ ಬೇರೆ ಪುಸ್ತಕಗಳು ಸ್ವರ ಬರೆದು ಸುಮ್ಮನಾಗುತ್ತಿದ್ದವು. ಸುಬ್ಬರಾಮ ದೀಕ್ಷಿತರು ಪ್ರತಿ ಸ್ವರವನ್ನು ಹೇಗೆ ಅಲುಗಿಸಬೇಕು, ಎಲ್ಲಿ ಒತ್ತಬೇಕು, ಎಲ್ಲಿ ಜಾರಬೇಕು ಎಂಬುದಕ್ಕೂ ಗುರುತು ಹಾಕಿದರು. ಕಂಪಿತಕ್ಕೆ ಅಲೆಯಂಥ ಗೆರೆ, ಸ್ಫುರಿತಕ್ಕೆ ಮೂರು ಚುಕ್ಕಿ, ಅದನ್ನೇ ತಲೆಕೆಳಗು ಮಾಡಿದರೆ ಪ್ರತ್ಯಾಹತ. ಮೇಲೇರುವ ಜಾರಿಗೆ ಒಂದು ಓರೆಗೆರೆ, ಇಳಿಯುವ ಜಾರಿಗೆ ಎದುರು ದಿಕ್ಕಿನ ಓರೆಗೆರೆ. ನೊಕ್ಕು, ರವೆ, ಖಂಡಿಪ್ಪು, ವಳಿ, ಒದುಕ್ಕಲ್, ಒರಿಕೈ, ಒಂದೊಂದಕ್ಕೂ ಒಂದೊಂದು ಚಿಹ್ನೆ. ಎಲ್ಲವನ್ನೂ ವೀಣೆಯ ಮೆಟ್ಟಿಲ ಮೇಲೆ ಬೆರಳಿನ ಚಲನೆಯಾಗಿ ವಿವರಿಸಿದ್ದಾರೆ. ವಳಿ ಎಂದರೆ ಮೆಟ್ಟಿಲು ಬಿಡದೆ ತಂತಿಯನ್ನು ಎಳೆದು ಸ್ವರ ಸುತ್ತಿಸುವುದು, ಹೀಗೆ.

ಒಂದು ತಮಾಷೆ ನೋಡಿ. ಪುಸ್ತಕ ತೆಲುಗಿನದು, ಸಾಹಿತ್ಯ ಸಂಸ್ಕೃತದ್ದು, ಗಮಕದ ಹೆಸರುಗಳಲ್ಲಿ ಏಟ್ರ, ಇರಕ್ಕ, ಒದುಕ್ಕಲ್ ಮುಂತಾದವು ಅಚ್ಚ ತಮಿಳು. ವೀಣೆಯ ಪಾಠ ಯಾವ ಮಾತಿನಲ್ಲಿ ನಡೆಯುತ್ತಿತ್ತೋ ಅದೇ ಮಾತು ಪುಸ್ತಕಕ್ಕೂ ಬಂದಿದೆ. ಗಡಿಯಲ್ಲಿರುವ ನಮಗೆ ಇದು ವಿಚಿತ್ರವೆನಿಸಬೇಕಾಗಿಲ್ಲ.

ಆವೃತ್ತಿ ಆರಿಸುವವರು ಮೊದಲು ಪರೀಕ್ಷಿಸಬೇಕಾದದ್ದು ಈ ಚಿಹ್ನೆಗಳನ್ನು. ಸ್ಥಾಯಿ ತೋರಿಸುವ ಚುಕ್ಕಿ, ಕಾಲ ತೋರಿಸುವ ಗೆರೆ, ಗಮಕದ ಗುರುತು, ಮೂರೂ ಒಂದೇ ಅಕ್ಷರದ ಮೇಲೆ ಕೆಳಗೆ ಕೂತಿರುತ್ತವೆ. ಮೊಳೆಯಚ್ಚಿನ ಹಳೆಯ ಪುಟದಲ್ಲಿ ಅವು ಚೆನ್ನಾಗಿಯೇ ಮೂಡಿರುತ್ತವೆ, ಆದರೆ ಅದರ ಜೆರಾಕ್ಸ್ ತೆಗೆದಾಗ ಅರ್ಧ ಮಾಯವಾಗುತ್ತವೆ. ಕಾಗದದ ಮೇಲಿನ ಕಲೆಯೊಂದು ಚುಕ್ಕಿಯಾಗಿ ಕಂಡು ತಾರಸ್ಥಾಯಿಗೆ ಹೋದ ಪ್ರಸಂಗಗಳೂ ಉಂಟು. ನಾನು ಹಿಂದೊಮ್ಮೆ ಅಂಗಡಿಯೊಂದರಲ್ಲಿ ಬೈಂಡು ಮಾಡಿದ ಜೆರಾಕ್ಸ್ ಪ್ರತಿಯನ್ನು ಮೂಲದ ಮರುಮುದ್ರಣವೆಂದೇ ನಂಬಿ ತಂದೆ. ಸ್ಫುರಿತದ ಮೂರು ಚುಕ್ಕಿಗಳಲ್ಲಿ ಎಲ್ಲಿಯೂ ಒಂದೇ ಸರಿಯಾಗಿ ಉಳಿದಿರಲಿಲ್ಲ. ಮಧ್ಯದ ಹದಿನಾರು ಪುಟ ಎರಡು ಸಲ ಇದ್ದವು, ಅದರ ಮುಂದಿನ ಹದಿನಾರು ಇರಲೇ ಇಲ್ಲ.

ಆದ್ದರಿಂದ ಕೊಳ್ಳುವ ಮುನ್ನ ಒಂದು ಕೆಲಸ ಮಾಡಿ. ಗೊತ್ತಿರುವ ಒಂದು ಕೃತಿ ಆರಿಸಿಕೊಳ್ಳಿ, ಹಂಸಧ್ವನಿಯ 'ವಾತಾಪಿ ಗಣಪತಿಂ' ಆದರೂ ಸರಿ. ಅಂತರ್ಜಾಲದಲ್ಲಿ ಸಿಗುವ 1904ರ ಸ್ಕ್ಯಾನಿನಲ್ಲಿ ಅದರ ಪಲ್ಲವಿ ತೆರೆಯಿರಿ. ಎರಡು ಸಾಲುಗಳ ಸ್ವರ, ಚುಕ್ಕಿ, ಗೆರೆ, ಗಮಕಗಳನ್ನು ನೀವು ಕೊಳ್ಳಲಿರುವ ಆವೃತ್ತಿಯೊಂದಿಗೆ ಹೋಲಿಸಿ. ಹತ್ತು ನಿಮಿಷದ ಕೆಲಸ. ಅಲ್ಲಿ ಹೊಂದಿದರೆ ಬೇರೆ ಕಡೆಯೂ ಬಹುಮಟ್ಟಿಗೆ ಹೊಂದುತ್ತದೆ. ಅಂದಹಾಗೆ ಕಛೇರಿಯಲ್ಲಿ ಕೇಳುವ ಸಂಗತಿಗಳ ಸಾಲು ಅಲ್ಲಿ ಕಾಣದಿದ್ದರೆ ಪುಟ ಬಿಟ್ಟುಹೋಗಿದೆ ಎಂದು ಅಂಗಡಿಯವನ ಜೊತೆ ಜಗಳ ಮಾಡಬೇಡಿ. ಆ ಸಂಗತಿಗಳು ಹಾಡುವವರ ಪರಂಪರೆಯಲ್ಲಿ ಬೆಳೆದವು, ಪ್ರದರ್ಶಿನಿಯ ಪಾಠ ಸರಳವಾದದ್ದು.

ಯಾವ ಆವೃತ್ತಿಯಲ್ಲೂ ಸಿಗದದ್ದು

ಪುಸ್ತಕ ತಂದ ಮೇಲೆ ಮಕ್ಕಳು ಮೊದಲು ಹುಡುಕುವುದು ತಮಗೆ ಗೊತ್ತಿರುವ ರಾಗವನ್ನು. ಷಣ್ಮುಖಪ್ರಿಯ ಎಲ್ಲಿ? ಇಲ್ಲ. ಖರಹರಪ್ರಿಯ? ಇಲ್ಲ. ಕಾರಣ, ಪ್ರದರ್ಶಿನಿ ಅನುಸರಿಸುವುದು ದೀಕ್ಷಿತ ಪರಂಪರೆಯ ಅಸಂಪೂರ್ಣ ಮೇಳ ಪದ್ಧತಿ. ಅಲ್ಲಿ 1ನೆಯ ಮೇಳ ಕನಕಾಂಗಿ ಅಲ್ಲ, ಕನಕಾಂಬರಿ. 22ನೆಯ ಮೇಳ ಶ್ರೀರಾಗ. 51 ಕಾಶಿರಾಮಕ್ರಿಯ, ಇಂದಿನ ಕಾಮವರ್ಧಿನಿಯ ಜಾಗ. 56 ಚಾಮರ. 65 ಶಾಂತಕಲ್ಯಾಣಿ, 72 ರಸಮಂಜರಿ. ಚತುಶ್ರುತಿ ರಿಷಭ ಎಂದು ನಾವು ಹೇಳುವುದನ್ನು ಅಲ್ಲಿ ಪಂಚಶ್ರುತಿ ಎನ್ನುತ್ತಾರೆ. ಕರ್ನಾಟಕದ ಜೂನಿಯರ್, ಸೀನಿಯರ್ ಪರೀಕ್ಷೆಗೆ ಕೂರುವ ಮಕ್ಕಳು ಕಲಿಯುವುದು ಕನಕಾಂಗಿಯಿಂದ ಆರಂಭವಾಗುವ ಪಟ್ಟಿಯನ್ನು. ಪರೀಕ್ಷೆಯ ಹಿಂದಿನ ವಾರ ಈ ಪುಸ್ತಕ ತೆರೆದರೆ ಗೊಂದಲ ಖಂಡಿತ. ಮೇಳದ ಸಂಖ್ಯೆ ಹಿಡಿದು ಹುಡುಕಿದರೆ ಮಾತ್ರ ದಾರಿ ತಪ್ಪದು.

ಇನ್ನೊಂದು. ನವಗ್ರಹ ಕೃತಿಗಳಿಗಾಗಿ ಪ್ರದರ್ಶಿನಿ ಕೊಂಡವರು ನಿರಾಶರಾಗುತ್ತಾರೆ. ಅದರಲ್ಲಿರುವುದು ಸೂರ್ಯನಿಂದ ಶನಿಯವರೆಗೆ ಏಳು ವಾರದ ಕೃತಿಗಳು ಮಾತ್ರ. ರಾಹು, ಕೇತು ಕೃತಿಗಳು ಬಂದದ್ದು ನಂತರದ ಬೇರೆ ಪ್ರಕಟಣೆಗಳಲ್ಲಿ. ಅವೆರಡೂ ಮುತ್ತುಸ್ವಾಮಿ ದೀಕ್ಷಿತರವೇ ಹೌದೋ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆಯುತ್ತಲೇ ಇದೆ. ಆ ಚರ್ಚೆಗೆ ಆಧಾರವಾಗಿರುವುದೂ 1904ರ ಈ ಪುಸ್ತಕದಲ್ಲಿ ಅವು ಇಲ್ಲ ಎಂಬ ಸಂಗತಿಯೇ. ತ್ಯಾಗರಾಜರ ಕೃತಿಗಳೂ ಇದರಲ್ಲಿ ಬಹಳ ಕಡಿಮೆ.

ಹಳೆಯ ಪ್ರತಿಯನ್ನಷ್ಟೇ ನೆಚ್ಚಿಕೊಂಡರೆ ಆಗುವ ನಷ್ಟಕ್ಕೂ ಒಂದು ಉದಾಹರಣೆ ಕೊಡುತ್ತೇನೆ. ರಾಗಗಳ ಲಕ್ಷಣಗೀತಗಳನ್ನು, ಕನಕಾಂಬರಿ ಮೊದಲಾದ ಹೆಸರುಗಳನ್ನು ಸುಬ್ಬರಾಮ ದೀಕ್ಷಿತರು ವೆಂಕಟಮಖಿಯವೇ ಎಂದು ನಂಬಿ ಬರೆದರು. ವೆಂಕಟಮಖಿ ತಂಜಾವೂರು ನಾಯಕರ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತರ ಮಗ. ಗೋವಿಂದ ದೀಕ್ಷಿತರು ಕನ್ನಡ ಮನೆತನದವರು. ಹದಿನೇಳನೆಯ ಶತಮಾನದಲ್ಲಿ 'ಚತುರ್ದಂಡಿ ಪ್ರಕಾಶಿಕೆ' ಬರೆದ ವೆಂಕಟಮಖಿ 72 ಮೇಳಗಳ ಲೆಕ್ಕವನ್ನು ಕೊಟ್ಟದ್ದು ನಿಜ. ಆದರೆ ಆ ಹೆಸರುಗಳ ಪಟ್ಟಿ ಅದೇ ವಂಶದ ನಂತರದ ಮುದ್ದು ವೆಂಕಟಮಖಿಯ ಕಾಲದ್ದು ಎಂಬುದು ಇಂದಿನ ವಿದ್ವಾಂಸರ ಅಭಿಪ್ರಾಯ. 1904ರ ಪುಟ ಇದನ್ನು ಹೇಳಲಾರದು. ವಿದ್ವತ್ ಪರೀಕ್ಷೆಗೋ ಪದವಿಗೋ ಓದುವವರು ಮೂಲದ ಮಾತನ್ನೇ ಉತ್ತರವಾಗಿ ಬರೆದರೆ ಅಂಕ ಹೋದೀತು.

ಹಾಗಾದರೆ ಯಾರಿಗೆ ಯಾವುದು?

ಹಾಡಲು, ನುಡಿಸಲು ಕಲಿಯುವವರಿಗೆ, ಅದರಲ್ಲೂ ವೀಣೆಯವರಿಗೆ, ನನ್ನ ಮತ ತೆಲುಗು ಪ್ರತಿಗೇ. ಚಿಹ್ನೆಗಳು ಲೇಖಕರ ಕಣ್ಣೆದುರೇ ಅಚ್ಚಾದವು, ಸಾಹಿತ್ಯ ಕನ್ನಡ ಕಣ್ಣಿಗೆ ಓದಲು ಬರುತ್ತದೆ. ಅಟ್ಟದ ಮೇಲೆ ಇದ್ದರೆ ಭಾಗ್ಯ, ಇಲ್ಲದಿದ್ದರೆ ಸ್ಕ್ಯಾನ್ ಪುಟಗಳು ಸಾಕು. ಬೇಕಾದ ಕೃತಿಯ ಪುಟಗಳನ್ನಷ್ಟೇ ದೊಡ್ಡದಾಗಿ ಮುದ್ರಿಸಿಕೊಳ್ಳಬಹುದು. ಹಳೆಯ ಪುಸ್ತಕದಲ್ಲಿ ಶುದ್ಧಾಶುದ್ಧ ಪಟ್ಟಿ ಇದೆಯೇ ಎಂದು ಕೊನೆಯ ಪುಟಗಳನ್ನು ನೋಡಿ. ಇದ್ದರೆ ತಿದ್ದುಪಡಿಗಳನ್ನು ಪೆನ್ಸಿಲಿನಿಂದ ಆಯಾ ಪುಟಕ್ಕೆ ಇಳಿಸಿಕೊಳ್ಳಿ.

ತಮಿಳು ಮಾತ್ರ ಸರಾಗವಾಗಿ ಓದುವ ಮಗುವಿಗೆ ತಮಿಳು ಆವೃತ್ತಿಯೇ ಸರಿ, ಸಾಹಿತ್ಯವನ್ನು ಮಾತ್ರ ಗುರುಗಳ ಎದುರು ಕನ್ನಡದಲ್ಲಿಯೋ ದೇವನಾಗರಿಯಲ್ಲಿಯೋ ಬರೆದುಕೊಳ್ಳಬೇಕು. ಹಳೆಯ ಪುಸ್ತಕದಂಗಡಿಯಲ್ಲಿ ಕೊಳ್ಳುವುದಾದರೆ ಐದು ಸಂಪುಟವೂ ಇವೆಯೇ ಎಣಿಸಿ. ಇಪ್ಪತ್ತೆರಡು ವರ್ಷಗಳ ಅವಧಿಯಲ್ಲಿ ಬಂದವು, ಬಿಡಿಬಿಡಿಯಾಗಿ ಮಾರಾಟವಾದವು. ಮೂರೇ ಇರುವ ಸೆಟ್ಟನ್ನು ಪೂರ್ತಿ ಎಂದು ಕೊಡುವವರಿದ್ದಾರೆ. ಶಾಸ್ತ್ರ ಓದುವವರಿಗೆ ಇಂಗ್ಲಿಷ್ ಆವೃತ್ತಿ ಬೇಕೇಬೇಕು, ಸ್ವರದಲ್ಲಿ ಅನುಮಾನ ಬಂದಾಗ ತೆಲುಗು ಸ್ಕ್ಯಾನಿನೊಂದಿಗೆ ತಾಳೆ ನೋಡಬೇಕು.

ಇನ್ನೂ ಸರಳೆ, ಜಂಟಿ, ಅಲಂಕಾರದಲ್ಲಿರುವ ಮಕ್ಕಳಿಗೆ ಈ ಮೂರೂ ಬೇಡ. ಅಂಥವರಿಗಾಗಿಯೇ ಸುಬ್ಬರಾಮ ದೀಕ್ಷಿತರು 1905ರಲ್ಲಿ 'ಪ್ರಥಮಾಭ್ಯಾಸ ಪುಸ್ತಕಮು' ಎಂಬ ಬೇರೆ ಪುಸ್ತಕವನ್ನೇ ಮಾಡಿದ್ದರು.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಓದುಗರು ಇದೆಲ್ಲ ನಮಗೇಕೆ ಎನ್ನಬಹುದು. ಅಲ್ಲಿ ಕಲಿಯುವುದು ಹಿಂದೂಸ್ತಾನಿ, ಕೇಳುವ ಪ್ರಶ್ನೆ ಭಾತಖಂಡೆಯವರ 'ಕ್ರಮಿಕ ಪುಸ್ತಕ ಮಾಲಿಕೆ'ಯ ಬಗ್ಗೆ. ಆರು ಭಾಗಗಳ ಆ ಮಾಲಿಕೆಯ ಮೂಲ ಮರಾಠಿ, ಕೊನೆಯ ಭಾಗಗಳು ಭಾತಖಂಡೆಯವರು 1936ರಲ್ಲಿ ತೀರಿಕೊಂಡ ಮೇಲೆ ಬಂದವು. ಅಂಗಡಿಗಳಲ್ಲಿ ಈಗ ಹೆಚ್ಚಾಗಿ ಕಾಣುವುದು ಹಾಥರಸ್‌ನ ಸಂಗೀತ ಕಾರ್ಯಾಲಯದ ಹಿಂದಿ ಆವೃತ್ತಿ. ಅಲ್ಲಿ ನಮ್ಮ ಕಷ್ಟವಿಲ್ಲ. ಚೀಜುಗಳು ಮೊದಲೇ ಹಿಂದಿ, ಬ್ರಜ್ ಭಾಷೆಯವು, ಲಿಪಿ ಎರಡರಲ್ಲೂ ದೇವನಾಗರಿ. ಬದಲಾಗುವುದು ವಿವರಣೆಯ ಭಾಷೆ ಮಾತ್ರ. ಮರಾಠಿ ಶಾಲೆಯಲ್ಲಿ ಓದಿದವರು ಹಳೆಯ ಮರಾಠಿ ಪ್ರತಿ ಸಿಕ್ಕರೆ ಧಾರಾಳವಾಗಿ ಕೊಳ್ಳಬಹುದು. ಕೋಮಲ ಸ್ವರದ ಕೆಳಗಿನ ಅಡ್ಡಗೆರೆ, ತೀವ್ರ ಮಧ್ಯಮದ ಮೇಲಿನ ನಿಲುಗೆರೆ ಅಳಿಸಿಲ್ಲ ಎಂಬುದನ್ನು ನೋಡಿಕೊಂಡರಾಯಿತು. ಅವು ಹೋದರೆ ರಾಗವೇ ಹೋಯಿತು.

ಹೊಸೂರಿನ ಆ ಮನೆಯ ವಿಷಯಕ್ಕೆ ಬಂದರೆ, ಅವರು ಕೊನೆಗೆ ತಾತನ ಪುಸ್ತಕವನ್ನು ಬೈಂಡಿಂಗಿಗೆ ಕೊಟ್ಟಿದ್ದಾರೆ. ಅಂಚು ಕತ್ತರಿಸಬೇಡಿ, ತಾತ ಅಂಚಿನಲ್ಲೇ ತಾಳದ ಗುರುತು ಬರೆದಿದ್ದಾರೆ ಎಂದು ಬೈಂಡರಿಗೆ ಎರಡೆರಡು ಸಲ ಹೇಳಿ ಬಂದರಂತೆ. ಎರಡನೆಯ ಸಂಪುಟ ಮನೆಯಲ್ಲಿಲ್ಲ, ಅದನ್ನು ಸ್ಕ್ಯಾನಿನಿಂದ ಮುದ್ರಿಸಿಕೊಳ್ಳುತ್ತಾರೆ. ಹುಡುಗಿ ಕನ್ನಡದ ಒತ್ತಕ್ಷರಗಳವರೆಗೆ ಬಂದಿದ್ದಾಳೆ.